ಮಗು ಕಂತು ಕಂತಾಗಿ ಹೇಳುತ್ತದೆ, ನಾವು ಪೂರ್ತಿ ಸಾಕ್ಷಿಗೆ ಕಾಯುತ್ತೇವೆ

ನಾಲ್ಕನೇ ಕ್ಲಾಸಿನ ಹುಡುಗಿ ಬಿಸಿಯೂಟ ಮುಗಿಸಿ ತಟ್ಟೆ ತೊಳೆಯುತ್ತಿದ್ದಾಳೆ ಅಂದುಕೊಳ್ಳಿ. ಪಕ್ಕದಲ್ಲಿ ನಿಂತ ಟೀಚರನ್ನು ಕೇಳುತ್ತಾಳೆ: "ಮಿಸ್, ಗುಟ್ಟು ಅಂತ ಯಾರಾದ್ರೂ ಹೇಳಿದ್ರೆ ಅದನ್ನ ಯಾರ ಹತ್ರಾನೂ ಹೇಳಬಾರ್ದಾ?" ಟೀಚರ್‌ಗೆ ಹಾಲಿನ ಪುಡಿಯ ಲೆಕ್ಕ ಬರೆಯುವುದಿದೆ. ಅತ್ತ ಒಂದನೇ ಕ್ಲಾಸಿನಲ್ಲಿ ಯಾರೋ ಅಳುತ್ತಿದ್ದಾರೆ. "ಹೂಂ ಕಣಮ್ಮ, ಗುಟ್ಟು ಅಂದ್ಮೇಲೆ ಹೇಳಬಾರ್ದು" ಅಂತಾರೆ. ಹುಡುಗಿ ತಟ್ಟೆ ಎತ್ತಿಕೊಂಡು ಹೋಗುತ್ತಾಳೆ.

ಆ ಟೀಚರ್ ಒಳ್ಳೆಯವರೇ. ಅವರ ಕಿವಿಗೆ ಬಿದ್ದದ್ದು ಒಂದು ಸಣ್ಣ ಪ್ರಶ್ನೆ. ಹುಡುಗಿ ನಿಜವಾಗಿ ಕೇಳಿದ್ದು "ನಿಮಗೆ ಹೇಳಬಹುದಾ?" ಅಂತ. ಉತ್ತರ ಸಿಕ್ಕಿತು. ಮುಂದಿನ ಸಲ ಅವಳು ಬಾಯಿ ಬಿಡುವುದು ಯಾವಾಗಲೋ, ಬಿಡುತ್ತಾಳೋ ಇಲ್ಲವೋ ಗೊತ್ತಿಲ್ಲ.

ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ಟೀಚರ್‌ಗಳಿಗೆ, ಡಾಕ್ಟರ್‌ಗಳಿಗೆ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿ ಕೊಡುವಾಗ ಸಾಮಾನ್ಯವಾಗಿ ಲಕ್ಷಣಗಳ ಒಂದು ಪಟ್ಟಿ ಕೈಗಿಡುತ್ತಾರೆ. ಮಗು ಮಂಕಾಗಿದೆ, ಹಾಸಿಗೆ ಒದ್ದೆ ಮಾಡುತ್ತಿದೆ, ಮಾರ್ಕ್ಸ್ ಕಡಿಮೆಯಾಗಿದೆ, ಒಬ್ಬರನ್ನು ಕಂಡರೆ ಹೆದರುತ್ತದೆ. ಪಟ್ಟಿ ಸುಳ್ಳಲ್ಲ. ಆದರೆ ಇದರಲ್ಲಿ ಪ್ರತಿಯೊಂದಕ್ಕೂ ಬೇರೆ ಹತ್ತು ಕಾರಣ ಇರಬಹುದು. ತಮ್ಮ ಹುಟ್ಟಿದಾಗಲೂ ಮಗು ಹಾಸಿಗೆ ಒದ್ದೆ ಮಾಡುತ್ತದೆ. ಅಪ್ಪನಿಗೆ ಕೆಲಸ ಹೋದಾಗಲೂ ಮಂಕಾಗುತ್ತದೆ. ಹಾಗಾಗಿ ಪಟ್ಟಿ ಹಿಡಿದು ಕೂತವರು ಕೊನೆಗೆ "ಇರಲಿ, ಇನ್ನೂ ಸ್ವಲ್ಪ ದಿನ ನೋಡೋಣ" ಅನ್ನುತ್ತಾರೆ. ನನ್ನ ಪ್ರಕಾರ ಇಡೀ ವ್ಯವಸ್ಥೆ ಎಡವುವುದು ಈ "ನೋಡೋಣ"ದಲ್ಲಿ. ಮಗು ತನ್ನ ಕಥೆಯನ್ನು ಚೂರು ಚೂರಾಗಿ ಬೇರೆ ಬೇರೆಯವರ ಮುಂದೆ ಇಡುತ್ತದೆ. ಒಬ್ಬೊಬ್ಬರ ಕೈಗೂ ಒಂದೊಂದು ಚೂರು ಸಿಗುತ್ತದೆ. ಪ್ರತಿಯೊಬ್ಬರೂ ತಮ್ಮ ಚೂರು ಸಾಲದು ಅಂದುಕೊಂಡು ಸುಮ್ಮನಾಗುತ್ತಾರೆ.

ಇದು ಎಷ್ಟು ಮಕ್ಕಳ ವಿಷಯ? ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಶೇಕಡಾ 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಎದುರಿಸಿದ್ದಾಗಿ ಹೇಳಿದರು. ಅವರಲ್ಲಿ ಗಂಡುಮಕ್ಕಳ ಪಾಲು ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ ಇತ್ತು. ಹುಡುಗರಿಗೆ ಇದೆಲ್ಲ ಆಗುವುದಿಲ್ಲ ಎಂಬ ನಂಬಿಕೆಯಿಂದಾಗಿ ಎಷ್ಟೋ ಹುಡುಗರನ್ನು ಯಾರೂ ಕೇಳುವುದೇ ಇಲ್ಲ. ಇನ್ನೊಂದು ಮಾತು: ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡಲೆಂದೇ ಇರುವ ಪೋಕ್ಸೊ ಕಾನೂನಿನಡಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಕಡೆ ಆರೋಪಿ ಮಗುವಿಗೆ ಪರಿಚಯದವನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕ ವರ್ಷದಿಂದ ವರ್ಷಕ್ಕೆ ಹೇಳುತ್ತಲೇ ಇದೆ. ನೆಂಟ, ನೆರೆಯವ, ಪಾಠ ಹೇಳುವವ, ಮನೆಯವ. ಅಪರಿಚಿತರ ಹತ್ತಿರ ಚಾಕೊಲೇಟ್ ತಗೋಬೇಡ ಅಂತ ಹೇಳಿಕೊಟ್ಟು ನಾವು ನೆಮ್ಮದಿಯಿಂದ ಇರುತ್ತೇವೆ. ಅಪಾಯ ಮಾತ್ರ ಒಳಮನೆಯಲ್ಲಿ ಚಾಪೆ ಹಾಸಿಕೊಂಡು ಕೂತಿರುತ್ತದೆ.

ಹನ್ನೆರಡು ಸಲ ತಪ್ಪಿದ ಕಥೆ

ಚೂರುಗಳು ಒಂದೆಡೆ ಸೇರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿನ ಒಂದು ಪ್ರಕರಣ ಇದೆ. ವಿಕ್ಟೋರಿಯಾ ಕ್ಲಿಂಬಿಯೆ ಆಫ್ರಿಕಾದ ಐವರಿ ಕೋಸ್ಟ್‌ನ ಹುಡುಗಿ. ಒಳ್ಳೆಯ ಓದು ಸಿಗಲಿ ಎಂದು ಅಪ್ಪ ಅಮ್ಮ ಅವಳನ್ನು ಸಂಬಂಧದ ಹಿರಿಯ ಹೆಂಗಸಿನ ಜೊತೆ ಕಳಿಸಿದ್ದರು. 2000ದ ಫೆಬ್ರವರಿ 25ರಂದು ಅವಳು ಸತ್ತಳು. ಆಗ ಅವಳಿಗೆ ಎಂಟು ವರ್ಷ. ಮೈಮೇಲೆ 128 ಗಾಯದ ಗುರುತುಗಳಿದ್ದವು. ಆ ಹೆಂಗಸು ಮತ್ತು ಅವಳ ಸಂಗಾತಿ ಇಬ್ಬರೂ ಕೊಲೆಗಾಗಿ ಜೈಲಿಗೆ ಹೋದರು.

ಮಗು ಎಲ್ಲೋ ಬಚ್ಚಿಟ್ಟ ಕೋಣೆಯಲ್ಲಿ, ಯಾರ ಕಣ್ಣಿಗೂ ಬೀಳದೆ ಸತ್ತದ್ದಲ್ಲ. ಎರಡು ಆಸ್ಪತ್ರೆಗಳು ಅವಳನ್ನು ನೋಡಿದ್ದವು. ಪೊಲೀಸರಿಗೆ ಗೊತ್ತಿತ್ತು. ಸಮಾಜ ಸೇವಾ ಇಲಾಖೆಗಳಿಗೆ ಗೊತ್ತಿತ್ತು. ಒಂದು ಆಸ್ಪತ್ರೆಯಲ್ಲಿ ಹಿರಿಯ ವೈದ್ಯರೊಬ್ಬರು ಗಾಯಗಳನ್ನು ನೋಡಿ ಕಜ್ಜಿ ಎಂದರು. ಆ ಒಂದು ಶಬ್ದ ಕಡತ ಸೇರಿದ ಮೇಲೆ ಉಳಿದವರ ಅನುಮಾನವೆಲ್ಲ ಕರಗಿಹೋಯಿತು. ಕಜ್ಜಿ ಹತ್ತೀತೆಂದು ಮನೆಗೆ ಹೋಗಲು ಹಿಂಜರಿದವರೂ ಇದ್ದರು. ದೊಡ್ಡವರ ಮುಂದೆ ಮಗು ಸೆಟೆದು ನಿಲ್ಲುತ್ತಿತ್ತು. ಅದು ಅವರ ಕಡೆಯ ಮರ್ಯಾದೆಯ ರೀತಿ ಇರಬೇಕು ಎಂದುಕೊಂಡರು. ಆ ಹುಡುಗಿ ಮಾತಾಡುತ್ತಿದ್ದದ್ದು ಫ್ರೆಂಚ್. ಅವಳನ್ನು ಒಬ್ಬಳೇ ಕೂರಿಸಿಕೊಂಡು, ಅವಳ ಭಾಷೆಯಲ್ಲಿ, ಸಮಾಧಾನವಾಗಿ "ಏನಾಯ್ತು" ಎಂದು ಕೇಳುವ ಕೆಲಸ ಸರಿಯಾಗಿ ಆಗಲೇ ಇಲ್ಲ. ಲಾರ್ಡ್ ಲೇಮಿಂಗ್ ಅವರ ವಿಚಾರಣಾ ವರದಿ 2003ರಲ್ಲಿ ಬಂತು. ಮಗುವನ್ನು ಉಳಿಸಬಹುದಾಗಿದ್ದ ಸಂದರ್ಭಗಳನ್ನು ಅದು ಎಣಿಸಿತು. ಕಡಿಮೆಯೆಂದರೂ ಹನ್ನೆರಡು.

ಬೆಂಗಳೂರಿನ ಕಟ್ಟಡ ಕೆಲಸದ ಶೆಡ್‌ಗಳ ಪಕ್ಕದ ಅಂಗನವಾಡಿಯಲ್ಲಿ, ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡುವವರಿಗೆ ಇದು ದೂರದ ಕಥೆ ಅನ್ನಿಸಲಾರದು. ಅಲ್ಲಿನ ಮಕ್ಕಳು ಒಡಿಯಾ ಮಾತಾಡುತ್ತಾರೆ, ಬಂಗಾಳಿ ಮಾತಾಡುತ್ತಾರೆ, ಉತ್ತರ ಕರ್ನಾಟಕದ ಕನ್ನಡವನ್ನೋ ಲಂಬಾಣಿಯನ್ನೋ ಮಾತಾಡುತ್ತಾರೆ. "ಅವರ ಕಡೆ ಮಕ್ಕಳನ್ನ ಹಾಗೇ ಹೊಡೀತಾರೆ ಬಿಡಿ" ಎಂಬ ಮಾತು ಸ್ಟಾಫ್ ರೂಮಿನಲ್ಲಿ ಎಷ್ಟು ಸಲೀಸಾಗಿ ಬರುತ್ತದೆ, ಅಲ್ವಾ? ಪೋಕ್ಸೊ ಕಾನೂನಿನಲ್ಲಿ ಮಗುವಿನ ಹೇಳಿಕೆ ಪಡೆಯುವಾಗ ಭಾಷಾಂತರಕಾರರನ್ನು, ವಿಶೇಷ ಅಗತ್ಯವಿರುವ ಮಗುವಿಗೆ ವಿಶೇಷ ಶಿಕ್ಷಕರನ್ನು ಕರೆಸಲು ಅವಕಾಶ ಇಟ್ಟಿದ್ದಾರೆ. ಆದರೆ ಪೊಲೀಸರ ತನಕ ಹೋಗುವ ಮೊದಲೇ ಮಗುವಿನ ಭಾಷೆ ಬಲ್ಲ ಒಬ್ಬರು ಬೇಕಾಗುತ್ತದೆ. ಆ ಒಬ್ಬರು ಮಗುವಿನ ಜೊತೆ ಬಂದ ನೆಂಟರಾಗಿರಬಾರದು. ಹೊಡೆದವರೇ ಅನುವಾದ ಮಾಡಿದರೆ ಮಗು ಏನು ಹೇಳೀತು?

ಮೈ ಏನು ಹೇಳುತ್ತದೆ

ಡಾಕ್ಟರ್ ಮತ್ತು ನರ್ಸ್‌ಗಳಿಗೆ ಸ್ವಲ್ಪ ಗಟ್ಟಿ ಗುರುತುಗಳಿವೆ. ಇದನ್ನು ವೈದ್ಯಲೋಕ ಕಲಿತದ್ದೇ ತಡವಾಗಿ. 1946ರಲ್ಲಿ ಅಮೆರಿಕದ ಜಾನ್ ಕ್ಯಾಫಿ ಎಂಬ ವೈದ್ಯರು ಆರು ಕೂಸುಗಳ ಎಕ್ಸ್‌ರೇ ವಿವರ ಪ್ರಕಟಿಸಿದರು. ತಲೆಯೊಳಗೆ ರಕ್ತಸ್ರಾವ, ಜೊತೆಗೆ ಕೈಕಾಲಿನ ಮೂಳೆ ಮುರಿತ. ಕಾರಣವನ್ನು ನೇರವಾಗಿ ಹೇಳುವ ಕೆಲಸ ಆಗಿದ್ದು 1962ರಲ್ಲಿ, ಡೆನ್ವರ್‌ನ ಹೆನ್ರಿ ಕೆಂಪ್ ಮತ್ತು ಜೊತೆಗಾರರಿಂದ. ಹೆತ್ತವರು, ಸಾಕುವವರು ಹೊಡೆದೇ ಇದು ಆಗುತ್ತದೆ ಎಂದರು. ಐದೇ ವರ್ಷದಲ್ಲಿ ಅಮೆರಿಕದ ಎಲ್ಲ ರಾಜ್ಯಗಳೂ ವರದಿ ಮಾಡುವುದನ್ನು ಕಡ್ಡಾಯ ಮಾಡಿದವು.

ಈಗ ಮಕ್ಕಳ ವೈದ್ಯರು ಬಳಸುವ ಒಂದು ನಿಯಮ ತುಂಬ ಉಪಯೋಗಕ್ಕೆ ಬರುವಂಥದ್ದು. ಓಡಾಡುವ ಮಗು ಬೀಳುತ್ತದೆ. ಬಿದ್ದರೆ ಮೊಣಕಾಲು, ಮೊಣಕೈ, ಹಣೆ, ಗದ್ದದ ತುದಿ, ಹೀಗೆ ಮೂಳೆ ಮುಂದಿರುವ ಕಡೆ ನೀಲಿಗಟ್ಟುತ್ತದೆ. ನಾಲ್ಕು ವರ್ಷದೊಳಗಿನ ಮಗುವಿನ ಎದೆ, ಹೊಟ್ಟೆ, ಬೆನ್ನು, ಕುಂಡೆಯ ಭಾಗ, ಕಿವಿ ಅಥವಾ ಕುತ್ತಿಗೆಯಲ್ಲಿ ನೀಲಿ ಕಲೆ ಕಂಡರೆ ನಿಂತು ಯೋಚಿಸಬೇಕು. ನಾಲ್ಕು ತಿಂಗಳೊಳಗಿನ ಕೂಸಿನ ಮೈಯಲ್ಲಿ ಎಲ್ಲೇ ಕಂಡರೂ ಯೋಚಿಸಬೇಕು. ಮಗುಚಿಕೊಳ್ಳಲೂ ಬಾರದ ಕೂಸು ತನಗೆ ತಾನೇ ಪೆಟ್ಟು ಮಾಡಿಕೊಳ್ಳುವುದು ಹೇಗೆ? ಕೆನ್ನೆಯ ಮೆತ್ತನೆ ಭಾಗ, ಕಣ್ಣುರೆಪ್ಪೆ, ದವಡೆಯ ಮೂಲೆ, ಮೇಲ್ತುಟಿಯನ್ನು ಒಸಡಿಗೆ ಹಿಡಿದಿಡುವ ಸಣ್ಣ ಪೊರೆ, ಇಲ್ಲೆಲ್ಲ ಗಾಯ ಸುಮ್ಸುಮ್ನೆ ಆಗುವುದು ಅಪರೂಪ. ಬೆಲ್ಟ್, ವೈರ್, ಬೆರಳುಗಳ ಆಕಾರದಲ್ಲೇ ಕಲೆ ಮೂಡಿದ್ದರೆ ಹೇಳುವುದೇ ಬೇಡ. ಸುಟ್ಟಗಾಯವೂ ಹಾಗೆಯೇ. ಮಗು ಬಿಸಿನೀರಿನ ಚೊಂಬು ಎಳೆದುಕೊಂಡರೆ ಗಾಯ ಚೆಲ್ಲಾಪಿಲ್ಲಿಯಾಗಿ, ಕೆಳಕ್ಕೆ ಇಳಿದ ಹಾಗೆ ಇರುತ್ತದೆ. ಬಿಸಿನೀರಿನಲ್ಲಿ ಹಿಡಿದು ಮುಳುಗಿಸಿದರೆ ಕಾಲುಚೀಲ ಹಾಕಿದಂತೆ ನೇರವಾದ ಗೆರೆ ಬರುತ್ತದೆ.

ಇಲ್ಲಿ ಎಚ್ಚರವೂ ಬೇಕು. ನಮ್ಮ ಎಷ್ಟೋ ಕೂಸುಗಳಿಗೆ ಹುಟ್ಟುವಾಗಲೇ ಸೊಂಟದ ಕೆಳಗೆ ನೀಲಿ ಮಚ್ಚೆ ಇರುತ್ತದೆ. ಅದು ಪೆಟ್ಟಲ್ಲ. ಹುಟ್ಟಿದಾಗಲೇ ತಾಯಿ ಕಾರ್ಡಿನಲ್ಲಿ ಅದನ್ನು ಬರೆದಿಟ್ಟರೆ ಮುಂದೆ ಗೊಂದಲ ಇರುವುದಿಲ್ಲ. ರಕ್ತ ಹೆಪ್ಪುಗಟ್ಟದ ಕಾಯಿಲೆಗಳೂ ಇವೆ, ಅವನ್ನು ಪರೀಕ್ಷೆ ಮಾಡಬೇಕು. ಇನ್ನು ಕೆಲವು ಕಡೆ ಕಾಮಾಲೆಗೆಂದೋ ಹೊಟ್ಟೆನೋವಿಗೆಂದೋ ಕೂಸಿಗೆ ಬರೆ ಹಾಕುವುದುಂಟು. ಅಜ್ಜಿ ಅದನ್ನು ಮಾಡಿದ್ದು ದ್ವೇಷದಿಂದಲ್ಲ, ಮಗು ಉಳಿಯಲಿ ಎಂಬ ಆಸೆಯಿಂದ. ಆದರೂ ಕೂಸಿನ ಚರ್ಮ ಸುಟ್ಟದ್ದು ಸುಟ್ಟದ್ದೇ. ಇಂಥ ಮನೆಗೆ ಆಶಾ ಕಾರ್ಯಕರ್ತೆ ವಾರ ವಾರ ಹೋಗಿ ಕೂತು ಮಾತಾಡುವುದರಿಂದ ಆಗುವ ಕೆಲಸ ಬೆದರಿಸುವುದರಿಂದ ಆಗದು. ಬಡತನವನ್ನು ನಿರ್ಲಕ್ಷ್ಯ ಎಂದು ಬರೆಯುವ ತಪ್ಪೂ ಆಗಬಾರದು. ಅಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಹೋದಾಗ ಆರು ವರ್ಷದ ಅಕ್ಕ ತಂಗಿಯನ್ನು ನೋಡಿಕೊಳ್ಳುತ್ತಿದ್ದರೆ ಆ ಮನೆಗೆ ಬೇಕಾದ್ದು ಶಿಶುಪಾಲನಾ ಕೇಂದ್ರ.

ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಮಕ್ಕಳಿಗೆ ತುಂಬಾ ಅನ್ಯಾಯ ಮಾಡಿದೆ. ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಏನೂ ಆಗಿಲ್ಲ ಎಂಬ ತಿಳಿವಳಿಕೆ. ದೌರ್ಜನ್ಯ ನಡೆದ ಬಹುಪಾಲು ಮಕ್ಕಳ ದೇಹ ಪರೀಕ್ಷೆಯಲ್ಲಿ ಸಹಜವಾಗಿಯೇ ಕಾಣುತ್ತದೆ. ಮುಟ್ಟುವುದು, ಮುಟ್ಟಿಸಿಕೊಳ್ಳುವುದು ಗಾಯ ಬಿಡುವುದಿಲ್ಲ. ಆದ ಗಾಯವೂ ಬೇಗ ಮಾಯುತ್ತದೆ. ಹಾಗಾಗಿ ವರದಿಯಲ್ಲಿ "ಗಾಯ ಇಲ್ಲ, ಆದರೆ ದೌರ್ಜನ್ಯ ನಡೆದಿಲ್ಲವೆಂದು ಇದರಿಂದ ಹೇಳಲಾಗದು" ಎಂದು ಡಾಕ್ಟರ್ ಬರೆದರೆ ಆ ಒಂದು ಸಾಲು ನ್ಯಾಯಾಲಯದಲ್ಲಿ ಮಗುವಿನ ಕೈ ಹಿಡಿಯುತ್ತದೆ. ಯೋನಿಯೊಳಗೆ ಬೆರಳಿಟ್ಟು ನೋಡುವ "ಎರಡು ಬೆರಳಿನ ಪರೀಕ್ಷೆ" ಮಾಡುವವರು ದುರ್ನಡತೆ ಎಸಗಿದಂತೆ ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಚಿಕಿತ್ಸೆ ಕೊಡಲು ಎಫ್‌ಐಆರ್ ಆಗಿರಬೇಕಿಲ್ಲ. ಖಾಸಗಿ ಆಸ್ಪತ್ರೆಯೂ ಉಚಿತವಾಗಿ, ತಕ್ಷಣ ನೋಡಬೇಕು. ಎಚ್‌ಐವಿ ತಡೆಯುವ ಔಷಧಿ ಶುರುವಾಗಬೇಕಾದ್ದು 72 ಗಂಟೆಯೊಳಗೆ. ಠಾಣೆಗೂ ಆಸ್ಪತ್ರೆಗೂ ಅಲೆಸುತ್ತಾ ಕೂತರೆ ಆ ಗಂಟೆಗಳು ಕಳೆದೇ ಹೋಗುತ್ತವೆ.

ಮೊದಲ ಐದು ನಿಮಿಷ

ಮಗು ಬಾಯಿ ಬಿಟ್ಟಿತು ಅಂತಿಟ್ಟುಕೊಳ್ಳಿ. ಈಗ ಎದುರಿಗಿರುವವರ ಮುಖವೇ ಎಲ್ಲ ನಿರ್ಧರಿಸುತ್ತದೆ. "ಅಯ್ಯೋ ದೇವ್ರೇ!" ಅಂದರೆ ಮಗು ಬೆಚ್ಚುತ್ತದೆ, ತಾನೇನೋ ಕೆಟ್ಟದ್ದು ಹೇಳಿಬಿಟ್ಟೆ ಅಂದುಕೊಳ್ಳುತ್ತದೆ. "ಮೊದಲೇ ಯಾಕೆ ಹೇಳಲಿಲ್ಲ?" ಅಂದರೆ ತಪ್ಪು ತನ್ನದೇ ಅನ್ನಿಸುತ್ತದೆ. "ಯಾರಿಗೂ ಹೇಳಲ್ಲ, ಪ್ರಾಮಿಸ್" ಅಂದರೆ ನಾಳೆ ಆ ಮಾತು ಮುರಿಯಲೇಬೇಕಾಗುತ್ತದೆ. ಆಗ ಮಗು ನಂಬಿದ ಎರಡನೇ ದೊಡ್ಡವರೂ ಮೋಸ ಮಾಡಿದಂತಾಗುತ್ತದೆ.

ಹೇಳಬೇಕಾದ ಮಾತುಗಳು ತೀರಾ ಕಡಿಮೆ. "ಹೇಳಿದ್ದು ಒಳ್ಳೇದಾಯ್ತು ಪುಟ್ಟ. ಇದು ನಿನ್ನ ತಪ್ಪಲ್ಲ. ನಿನಗೆ ಸಹಾಯ ಮಾಡೋವ್ರ ಹತ್ರ ಮಾತ್ರ ನಾನು ಇದನ್ನ ಹೇಳ್ತೀನಿ." ಅಷ್ಟೇ. ತಟ್ಟೆ ತೊಳೆಯುತ್ತಿದ್ದ ಹುಡುಗಿಗಾದರೆ, "ಕೆಲವು ಗುಟ್ಟು ಹೇಳಲೇಬೇಕಾದ್ದು ಇರುತ್ತೆ. ಹೊಟ್ಟೆಯೊಳಗೆ ಸಂಕಟ ಆಗೋ ಗುಟ್ಟು ಅಂಥದ್ದು. ನಿನಗೆ ಯಾವಾಗ ಹೇಳ್ಬೇಕು ಅನ್ಸುತ್ತೋ ಆವಾಗ ಬಾ" ಎಂದರೆ ಬಾಗಿಲು ತೆರೆದೇ ಇರುತ್ತದೆ.

ಪ್ರಶ್ನೆ ಕೇಳುವುದರಲ್ಲಿ ಕೈ ಬಿಗಿ ಇರಲಿ. "ಮಾಮ ನಿನ್ನನ್ನ ಅಲ್ಲಿ ಮುಟ್ಟಿದ್ರಾ?" ಎಂದು ಕೇಳಿದ ಕ್ಷಣವೇ ನಾವು ಒಂದು ಹೆಸರು, ಒಂದು ಕೆಲಸ ಎರಡನ್ನೂ ಮಗುವಿನ ಬಾಯಿಗಿಟ್ಟಂತಾಯಿತು. "ಏನಾಯ್ತು ಹೇಳ್ತೀಯಾ?", "ಆಮೇಲೆ?" ಎಂಬ ಎರಡು ಪ್ರಶ್ನೆ ಸಾಕು. ಅಮೆರಿಕದ ಕ್ಯಾಲಿಫೋರ್ನಿಯಾದ ಮೆಕ್‌ಮಾರ್ಟಿನ್ ಶಿಶುವಿಹಾರದ ಪ್ರಕರಣದಲ್ಲಿ ಇದರ ಬೆಲೆ ಎಲ್ಲರಿಗೂ ಗೊತ್ತಾಯಿತು. ಅಲ್ಲಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂಬ ಆರೋಪ 1983ರಲ್ಲಿ ಶುರುವಾಯಿತು. ನೂರಾರು ಮಕ್ಕಳನ್ನು ಉತ್ತರ ಸೂಚಿಸುವಂಥ ಪ್ರಶ್ನೆಗಳಿಂದ ಪದೇ ಪದೇ ಕೆದಕಿದರು. ವರ್ಷಗಟ್ಟಲೆ ವಿಚಾರಣೆ ನಡೆದು 1990ರಲ್ಲಿ ಒಬ್ಬರಿಗೂ ಶಿಕ್ಷೆಯಾಗದೆ ಮುಗಿಯಿತು. ಆ ಮಕ್ಕಳ ನಿಜವಾದ ನೆನಪು ಯಾವುದು, ಪ್ರಶ್ನೆ ಕೇಳಿದವರು ತುಂಬಿದ್ದು ಯಾವುದು ಎಂದು ಬಿಡಿಸುವುದೇ ಆಗದಂತಾಯಿತು. ಮಕ್ಕಳು ಸುಳ್ಳುಗಾರರು ಎಂಬುದಕ್ಕೆ ಈ ಪ್ರಕರಣವನ್ನು ಎತ್ತಿ ಹೇಳುವವರಿದ್ದಾರೆ. ಅದು ಸರಿಯಲ್ಲ. ಅಲ್ಲಿ ತಪ್ಪಿದ್ದು ದೊಡ್ಡವರು ಕೇಳಿದ ರೀತಿ.

ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ, ಆವತ್ತೇ, ತಾರೀಕು ಮತ್ತು ಸಮಯ ಹಾಕಿ ಬರೆದಿಡಿ. ಮಗು "ಉಚ್ಚೆ ಜಾಗ" ಅಂದಿದ್ದರೆ ಹಾಗೇ ಬರೆಯಿರಿ. ಅದನ್ನು ತಿದ್ದಿ ದೊಡ್ಡವರ ಭಾಷೆಗೆ ತರಬೇಡಿ. ಮಗು ನಾಳೆ "ನಾನು ಸುಮ್ನೆ ಹೇಳಿದ್ದು" ಎಂದರೂ ಆ ಬರಹ ಹರಿಯಬೇಡಿ. ರೋಲಂಡ್ ಸಮಿಟ್ ಎಂಬ ಮನೋವೈದ್ಯರು 1983ರಲ್ಲೇ ಬರೆದಿದ್ದರು: ಮಗು ತಡವಾಗಿ ಹೇಳುತ್ತದೆ, ನಂಬಲು ಕಷ್ಟವಾಗುವ ಹಾಗೆ ಹೇಳುತ್ತದೆ, ಮನೆಯಲ್ಲಿ ಬಿರುಗಾಳಿ ಎದ್ದಾಗ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುತ್ತದೆ. ಅಮ್ಮ ಅಳುತ್ತಾಳೆ, ಅಪ್ಪ ಜೈಲಿಗೆ ಹೋಗುತ್ತಾನೆ, ಊಟಕ್ಕೆ ಕಷ್ಟವಾಗುತ್ತದೆ ಎಂದು ಕಂಡ ಮಗು ಇನ್ನೇನು ಮಾಡೀತು?

ಯಾರಿಗೆ ಹೇಳಬೇಕು, ಹೇಳದಿದ್ದರೆ ಏನು

ಪೋಕ್ಸೊ ಕಾನೂನು 2012ರ ನವೆಂಬರ್ 14ರಂದು ಜಾರಿಗೆ ಬಂತು. ಅದರ 19ನೇ ಸೆಕ್ಷನ್ ಪ್ರಕಾರ ಅಪರಾಧ ನಡೆದಿದೆ ಎಂದು ಗೊತ್ತಿದ್ದರೂ, ನಡೆಯಬಹುದು ಎಂಬ ಆತಂಕ ಇದ್ದರೂ ಪೊಲೀಸರಿಗೆ ತಿಳಿಸಬೇಕು. ಈ ಹೊಣೆ ಎಲ್ಲರದು. ಇಲ್ಲಿ ಗಮನಿಸಬೇಕಾದ್ದು, ಟೀಚರ್ ಹೆಡ್‌ಮಾಸ್ಟರ್ ಒಪ್ಪಿಗೆಗೆ ಕಾಯಬೇಕು ಎಂದು ಕಾನೂನು ಎಲ್ಲೂ ಹೇಳಿಲ್ಲ. ಹೆಡ್‌ಮಾಸ್ಟರ್‌ಗೆ ಹೇಳಿದೆ, ನನ್ನ ಕೆಲಸ ಮುಗಿಯಿತು ಅನ್ನುವಂತೆಯೂ ಇಲ್ಲ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ತನ್ನ ಕೈಕೆಳಗಿನವರು ಮಾಡಿದ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ, ಮುಂದೆ ಆರೋಪ ಸಾಬೀತಾಗದಿದ್ದರೂ, ಕೇಸು ಹಾಕುವಂತಿಲ್ಲ. ಭಯ ಬೀಳುವ ಎಷ್ಟೋ ಟೀಚರ್‌ಗಳಿಗೆ ಈ ಕೊನೆಯ ಮಾತು ಗೊತ್ತೇ ಇರುವುದಿಲ್ಲ.

ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ರಾಜುರಾದಲ್ಲಿ ಆದಿವಾಸಿ ಹುಡುಗಿಯರ ಹಾಸ್ಟೆಲ್‌ನ ಪ್ರಕರಣ ಇದಕ್ಕೆ ಸಂಬಂಧಿಸಿದ್ದು. ಹುಡುಗಿಯರಿಗೆ ಚಿಕಿತ್ಸೆ ಕೊಟ್ಟ ವೈದ್ಯರಿಗೆ ಅವರ ಮೇಲಾದ ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಿದ್ದೂ ತಿಳಿಸಲಿಲ್ಲ ಎಂಬುದು ಆರೋಪ. ಬಾಂಬೆ ಹೈಕೋರ್ಟ್ ಎಫ್‌ಐಆರ್ ರದ್ದು ಮಾಡಿತ್ತು. 2022ರ ನವೆಂಬರ್ 2ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು. ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧ, ಬಹಳ ಸಲ ಅದು ಅಪರಾಧಿಗಳನ್ನು ಕಾಪಾಡುವ ಯತ್ನ ಎಂದಿತು. ವೈದ್ಯರು ತಪ್ಪಿತಸ್ಥರೆಂದು ತೀರ್ಮಾನಿಸಿದ್ದಲ್ಲ, ಶುರುವಿನಲ್ಲೇ ಕೇಸು ಮುಚ್ಚಬೇಡಿ ಎಂದದ್ದು.

ದಾರಿ ಸರಳವಾಗಿದೆ. ಮಕ್ಕಳ ಸಹಾಯವಾಣಿ 1098 ಅಥವಾ 112ಕ್ಕೆ ಫೋನ್ ಮಾಡಬಹುದು. ಪೊಲೀಸರು 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಹೇಳಿಕೆ ಪಡೆಯುವ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು, ಮಗುವಿನ ಮನೆಯಲ್ಲೋ ಮಗು ಬಯಸಿದ ಜಾಗದಲ್ಲೋ ಕೂತು ಕೇಳಬೇಕು, ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

ನನಗೂ ಉತ್ತರ ಸಲೀಸಾಗಿ ಸಿಗದ ಒಂದು ಜಾಗ ಇದೆ. ಹದಿನಾರು, ಹದಿನೇಳರ ಹುಡುಗ ಹುಡುಗಿ ಪ್ರೀತಿಸಿ ಹತ್ತಿರವಾದರೂ ಅದು ಇದೇ ಕಾನೂನಿನ ಕೆಳಗೆ ಬರುತ್ತದೆ. ಕೇಸಾಗುತ್ತದೆಂಬ ಭಯಕ್ಕೆ ಗರ್ಭಿಣಿ ಹುಡುಗಿ ಡಾಕ್ಟರ ಹತ್ತಿರ ಬರದೆ ನಕಲಿ ವೈದ್ಯರ ಬಾಗಿಲು ತಟ್ಟುವ ಅಪಾಯ ಇದೆ. ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ ಒಪ್ಪಿಗೆಯ ವಯಸ್ಸಿನ ಬಗ್ಗೆ ಮರುಚಿಂತನೆ ಮಾಡುವಂತೆ ಕಾನೂನು ಆಯೋಗಕ್ಕೆ ಹೇಳಿತ್ತು. ವಯಸ್ಸು ಇಳಿಸುವುದು ಬೇಡ ಎಂದು ಆಯೋಗ 2023ರಲ್ಲಿ ಉತ್ತರಿಸಿತು. ಈ ನಡುವೆ 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಕಿಟಕಿ ತೆರೆದಿದೆ. ಇಂಥ ಗರ್ಭಪಾತದ ಸಂದರ್ಭದಲ್ಲಿ ಹುಡುಗಿ ಮತ್ತು ಅವಳ ಪೋಷಕರು ಕೇಳಿಕೊಂಡರೆ, ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ವೈದ್ಯರು ಅವಳ ಗುರುತು ಬಿಟ್ಟುಕೊಡಬೇಕಿಲ್ಲ. ಸರ್ಕಾರಿ ಆಸ್ಪತ್ರೆಯ ಪ್ರತಿ ಹೆರಿಗೆ ಡಾಕ್ಟರಿಗೂ ಇದು ತಿಳಿದಿರಬೇಕು.

ವರದಿ ಆದ ಮೇಲೆ ಮಗು ಒಂಟಿಯಾಗುವ ಹೊತ್ತು ಶುರುವಾಗುತ್ತದೆ. ಠಾಣೆ, ಆಸ್ಪತ್ರೆ, ಮ್ಯಾಜಿಸ್ಟ್ರೇಟ್, ಮಕ್ಕಳ ಸಮಿತಿ, ವಕೀಲರು, ಒಬ್ಬೊಬ್ಬರ ಮುಂದೆಯೂ ಅದೇ ಕಥೆ. ಇದಕ್ಕೆಂದೇ 2020ರ ಪೋಕ್ಸೊ ನಿಯಮಗಳಲ್ಲಿ "ಬೆಂಬಲ ವ್ಯಕ್ತಿ" ಎಂಬ ವ್ಯವಸ್ಥೆ ಇದೆ. ಕೇಸು ಮುಗಿಯುವ ತನಕ ಮಗುವಿನ ಜೊತೆ ನಡೆಯುವ ಒಬ್ಬರು. ಇವರನ್ನು ಕೊಡುವುದು ಐಚ್ಛಿಕ ಆಗಬಾರದು ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೇಳಿತು. ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಈ ಕೆಲಸ ಮಾಡುತ್ತಿದೆ, ನಿಮ್ಹಾನ್ಸ್‌ನ ಸಂವಾದ್ ಕೇಂದ್ರ ಮಕ್ಕಳ ಮನಸ್ಸಿನ ಬಗ್ಗೆ ಟೀಚರ್‌ಗಳಿಂದ ನ್ಯಾಯಾಧೀಶರವರೆಗೆ ಎಲ್ಲರಿಗೂ ತರಬೇತಿ ಕೊಡುತ್ತಿದೆ. ಜಿಲ್ಲೆಯಲ್ಲಿ ಬೆಂಬಲ ವ್ಯಕ್ತಿ ಯಾರು ಎಂದು ಮಕ್ಕಳ ಕಲ್ಯಾಣ ಸಮಿತಿಯನ್ನು ಕೇಳುವ ಹಕ್ಕು ಟೀಚರ್‌ಗೂ ಇದೆ, ಆಶಾ ಅಕ್ಕನಿಗೂ ಇದೆ. ಕೇಳಬೇಕು. ಮಗುವಿನ ಮನೆಯಲ್ಲಿ ಅಕ್ಕಿ ಬೇಳೆಗೆ, ಓಡಾಟದ ಬಸ್ ಚಾರ್ಜಿಗೆ ತಕ್ಷಣ ಹಣ ಕೊಡಿಸುವ ದಾರಿಯೂ ಆ ನಿಯಮಗಳಲ್ಲೇ ಇದೆ. ಅದನ್ನೂ ಕೇಳಬೇಕು. ಎಷ್ಟೋ ಮಕ್ಕಳು ಕೋರ್ಟಿನಲ್ಲಿ ಮಾತು ಬದಲಿಸುವುದು ಹಸಿವಿಗೆ.

ವಿಚಾರಣೆ ಸಾಧ್ಯವಾದಷ್ಟು ಒಂದು ವರ್ಷದಲ್ಲಿ ಮುಗಿಯಬೇಕು ಎಂದು ಕಾನೂನಿದೆ. ಅಷ್ಟರಲ್ಲಿ ನಾಲ್ಕನೇ ಕ್ಲಾಸಿನ ಹುಡುಗಿ ಐದಕ್ಕೆ ಬಂದಿರುತ್ತಾಳೆ. ಕೋರ್ಟಿಗೆ ಹೋದ ದಿನಗಳ ಪಾಠ ತಪ್ಪಿರುತ್ತದೆ. ಯಾರೋ ಏನೋ ಪಿಸುಗುಟ್ಟಿರುತ್ತಾರೆ. ಅವಳು ತಟ್ಟೆ ತೊಳೆಯುವ ನಲ್ಲಿಯ ಪಕ್ಕ ಅದೇ ಟೀಚರ್ ನಿಂತಿದ್ದರೆ, ಹೋದ ವಾರದ ಭಿನ್ನರಾಶಿಯ ಲೆಕ್ಕವನ್ನು ಊಟದ ಬಿಡುವಿನಲ್ಲಿ ಹೇಳಿಕೊಟ್ಟರೆ, ಕೇಸಿನ ಬಗ್ಗೆ ಒಂದು ಮಾತೂ ಕೇಳದಿದ್ದರೆ, ಅವಳು ಶಾಲೆ ಬಿಡುವುದಿಲ್ಲ.